ದನಿಗೆ ಬಿದ್ದ ದಂಡ

ಹೆಣಕ್ಕೂ ಹಣಕ್ಕೂ ನಡುವೆ ಇರುವುದು ಒಂದೇ ಒಂದು ಎತ್ವ. ಕನ್ನಡ ಬಾರದ ಲಿಂಡ್ಸೆ ಪೆಂಗೆಲಿಗೂ ಅದು ಕೋರ್ಟಿನಲ್ಲಿ ಚೆನ್ನಾಗಿ ಅರ್ಥವಾಯಿತು.

ಮೆಲ್ಬರ್ನಿನಾಚೆ ಗಿಪ್ಸ್‌ಲ್ಯಾಂಡಿನ ಬೆಟ್ಟಗಳಲ್ಲಿ ಕಡವೆಗೆ ಸಾಂಬಾರ್ ಎನ್ನುತ್ತಾರೆ. ಅದಕ್ಕೆ ಅನ್ನ ಬೇಕಿಲ್ಲ, ಬಂದೂಕು ಸಾಕು. ಹೋದ ಚಳಿಗಾಲ ಎರಡು ಕಡವೆ ಹೊಡೆದು, ತೊಡೆ ಬೆನ್ನು ಬಿಡಿಸಿಕೊಂಡು, ಉಳಿದದ್ದನ್ನು ಲಿಂಡ್ಸೆ ಟರಾಂಗ ಹಳ್ಳದ ಸೇತುವೆ ಕೆಳಗೆ ಎಸೆದಿದ್ದ. ಕೆಳಗಿನ ಊರು ಕುಡಿಯುವುದು ಆ ಹಳ್ಳದ ನೀರನ್ನೇ. ದಂಡ ಬಿತ್ತು. ಅದಕ್ಕಿಂತ ಭಾರವಾಗಿ ಬಿದ್ದದ್ದು ಮ್ಯಾಜಿಸ್ಟ್ರೇಟಮ್ಮನ ಮಾತು: “ಇನ್ನೊಂದು ಸಲ ಇಲ್ಲಿ ನಿಂತ್ರೆ ಲೈಸೆನ್ಸೂ ಇರಲ್ಲ, ಬಂದೂಕೂ ಇರಲ್ಲ.”

ಹದಿನಾರನೇ ವಯಸ್ಸಿನಿಂದ ಬೆಟ್ಟ ಹತ್ತಿದವನಿಗೆ ಬಂದೂಕಿಲ್ಲದ ಚಳಿಗಾಲವನ್ನು ಊಹಿಸುವುದೂ ಆಗಲಿಲ್ಲ.

ಚಾಡಿ ಹೇಳಿದವರು ಯಾರು? ಕೀತ್ ಡಫ್ಟಿಯೇ, ಅನುಮಾನವಿಲ್ಲ. ಬೇಟೆ ಕ್ಲಬ್ಬಿನ ಕಾರ್ಯದರ್ಶಿ. ತೀರ್ಪಿನ ಮರುದಿನ ಹೆಗಲು ತಟ್ಟಿ “ಛೇ, ಪಾಪ ಮಾರಾಯಾ” ಎಂದಿದ್ದ. ಏನೂ ಮಾಡದವನು ಪಾಪ ಎಂದೇಕೆ ಅನ್ನುತ್ತಾನೆ? ಅವನಿಗೇನು ಎರಡು ಕೊಂಬಿದೆಯೇ? ಇತ್ತು; ಕ್ಲಬ್ಬಿನ ಗೋಡೆಯ ಮೇಲೆ, ಹೆಸರು ಬರೆಸಿ ತೂಗುಹಾಕಿದ್ದ.

ಲಿಂಡ್ಸೆ ಆರು ವಾರ ಯೋಚಿಸಿದ. ಕ್ಲಬ್ಬಿನ ಸೂರು ರಿಪೇರಿಯ ದಿನ ಡಫ್ಟಿ ತಂದು ಮರೆತುಹೋದ ನೀಲಿ ಟಾರ್ಪಾಲು ಲಿಂಡ್ಸೆಯ ಶೆಡ್ಡಿನಲ್ಲೇ ಉಳಿದಿತ್ತು. ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ‘ಡಫ್ಟಿ’. ಮೂರು ಕಡವೆಗಳ ಹೆಣ ಅದರಲ್ಲಿ ಸುತ್ತಿ, ಅದೇ ಸೇತುವೆಯ ಕೆಳಗೆ. ಯಾರ ಬಂದೂಕೆಂದು ತಿಳಿಯದಂತೆ ಗುಂಡು ಹೊಕ್ಕ ಭಾಗವನ್ನೇ ಕೊಯ್ದು ತೆಗೆಯಬೇಕು. ಕೈಗೆ ಹೊಸ ಗ್ಲೌಸು, ಕಾಲಿಗೆ ಚರ್ಚ್ ಸಂತೆಯಲ್ಲಿ ಕೊಂಡ, ಎರಡು ಅಳತೆ ದೊಡ್ಡ ಹಳೆ ಬೂಟು. ಶನಿವಾರ ಮಧ್ಯಾಹ್ನ ಇಡೀ ಕಣಿವೆ ಫುಟ್ಬಾಲ್ ಮೈದಾನದಲ್ಲಿರುತ್ತದೆ. ಆಟದ ಮೊದಲಲ್ಲಿ ಅವನು ಎಲ್ಲರಿಗೂ ಕಾಣಬೇಕು, ಕೊನೆಯಲ್ಲೂ ಕಾಣಬೇಕು. ನಡುವೆ ಯಾರು ಯಾರನ್ನು ನೋಡುತ್ತಾರೆ?

ಉಳಿದದ್ದು ದೂರು. ಆ ಕಣಿವೆಯಲ್ಲಿ ಚಾಡಿಕೋರನ ಪಕ್ಕ ಕೂತು ಯಾರೂ ಬಿಯರ್ ಕುಡಿಯುವುದಿಲ್ಲ. ಮಾಫಿ ಇದ್ದದ್ದು ಒಬ್ಬನಿಗೇ: ಸೇತುವೆಯಾಚೆ ಒಂಟಿಯಾಗಿ ಜೇನು ಸಾಕುವ ಮುದುಕ ಮರ್ವ್ ಓಕ್ಸ್. ರಸ್ತೆಯ ಗುಂಡಿ, ನಾಯಿಯ ಬೊಗಳು, ಚರ್ಚಿನ ಗಂಟೆ, ಯಾವುದಕ್ಕಾದರೂ ಫೋನ್ ಎತ್ತುವವನು. ಮರಳುಕಾಗದ ಉಜ್ಜಿದಂಥ ದನಿ. ಶುರು ಯಾವಾಗಲೂ ಒಂದೇ: “ನೋಡಪ್ಪಾ, ನಾನು ಚಾಡಿಕೋರ ಅಲ್ಲ, ಆದ್ರೆ…”

ಆ ದನಿ ಲಿಂಡ್ಸೆಯ ನಾಲಿಗೆಯ ಮೇಲಿತ್ತು. ಪಬ್ಬಿನಲ್ಲಿ ಅವನು ಮರ್ವ್‌ನಂತೆ ಮಾತಾಡಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಒಮ್ಮೆ ಮರ್ವ್ ತಾನೇ ಕೆಮ್ಮುತ್ತ ನಕ್ಕು, “ಲೋ, ನನ್ ಬಾಯಿ ಬಿದ್ದೋದ್ರೂ ಚಿಂತೆ ಇಲ್ಲ ಬಿಡೋ, ನಿನ್ ಹತ್ರ ಇನ್ನೊಂದಿದೆ!” ಎಂದಿದ್ದ.

ಮುದುಕ ಒಂದು ತಿಂಗಳು ಊರಲ್ಲಿರಲಿಲ್ಲ. ಮೆಲ್ಬರ್ನಿನ ತಂಗಿಯ ಮನೆಗೆ ಹೋಗಿದ್ದನಂತೆ. ಮರಳಿದ್ದಾನೋ ಇಲ್ಲವೋ ನೋಡುವುದನ್ನೂ ಲಿಂಡ್ಸೆ ಬಿಡಲಿಲ್ಲ. ಶುಕ್ರವಾರ ಅವನ ಗೇಟಿನ ಮುಂದೆ ನಿಧಾನಕ್ಕೆ ಹಾದ. ಚಿಮಣಿಯಲ್ಲಿ ಹೊಗೆ. ಜೇನಿನ ಬಾಟಲಿಗಳ ಪಕ್ಕ ಸೀಮೆಸುಣ್ಣದ ಹೊಸ ಹಲಗೆ: ‘ಜೇನು ಬೇಕಾದವರು ಗಂಟೆ ಬಾರಿಸಿ. ಕೂಗಬೇಡಿ.’

“ಮುದುಕಂಗೆ ಪಟ್ಟಣದ ಜಂಬ ಹತ್ತಿದೆ,” ಎಂದುಕೊಂಡ. ಅಂತೂ ಮನೆಯಲ್ಲಿದ್ದಾನೆ, ಅಷ್ಟು ಸಾಕು.

ಶನಿವಾರ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಟಾರ್ಪಾಲಿನ ಬಿಳಿ ಹೆಸರು ರಸ್ತೆಗೆ ಕಾಣುವಂತಿತ್ತು. ಅಂಚೆ ಕಚೇರಿಯ ಮುಂದಿನ ಪುಕ್ಕಟೆ ಸಾರ್ವಜನಿಕ ಫೋನಿನಿಂದ ಬೇಟೆ ಇಲಾಖೆಗೆ ಕರೆ ಮಾಡಿ, ಕೆಮ್ಮಿ, “ನೋಡಮ್ಮಾ, ನಾನು ಚಾಡಿಕೋರ ಅಲ್ಲ, ಆದ್ರೆ ಆ ಡಫ್ಟಿ…” ಎಂದ. ಕೊನೆಯಲ್ಲಿ ಮರ್ವ್‌ನಂತೆಯೇ ಹವೆಯನ್ನೂ ಬೈದ. ಆಟ ಮುಗಿಯುವ ಹೊತ್ತಿಗೆ ಮೈದಾನದಲ್ಲಿ, ಡಫ್ಟಿಯ ಪಕ್ಕದಲ್ಲೇ ನಿಂತು ಮಾಂಸದ ಪೈ ತಿನ್ನುತ್ತಿದ್ದ.

ಮಂಗಳವಾರ ಬೆಳಿಗ್ಗೆ ಇಲಾಖೆಯ ಅಧಿಕಾರಿ ರೊವೀನಾ ಅಂಗಳಕ್ಕೆ ಬಂದಳು. ಲಿಂಡ್ಸೆ ಅವಳ ಕಣ್ಣುಗಳನ್ನೇ ಗಮನಿಸಿದ. ಅವು ಗಾಡಿಯ ಟೈರಿನತ್ತ ಹೋಗಲಿಲ್ಲ. ಬೂಟಿನತ್ತಲೂ ಇಲ್ಲ. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಅದನ್ನೂ ನೋಡಲಿಲ್ಲ. ನೋಡದಿರುವುದೇ ಅವನಿಗೆ ಸರಿಕಾಣಲಿಲ್ಲ.

“ಊರೆಲ್ಲ ಅದೇ ಮಾತು. ಡಫ್ಟಿ ಒಪ್ಪಿಕೊಂಡ್ನಾ?” ಎಂದ.

“ಅವ್ನು ಪಾಪ ಕಣ್ಣು ಕಣ್ಣು ಬಿಡ್ತಾನೆ. ಇರ್ಲಿ, ಇದು ಯಾರ ದನಿ ಹೇಳಿ ನೋಡೋಣ.” ಅವಳು ಮೊಬೈಲು ಮುಂದೆ ಹಿಡಿದಳು. ಕೆಮ್ಮು. ಚಾಡಿಕೋರ ಅಲ್ಲ. ಆದ್ರೆ.

ಕೇಳುತ್ತ ಲಿಂಡ್ಸೆಗೆ ಹೆಮ್ಮೆ ಉಕ್ಕಿತು. ಪಬ್ಬಿನಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. “ಅಯ್ಯೋ, ಮರ್ವ್‌ದೇ! ಎಳೇ ಮಗೂನೂ ಹೇಳುತ್ತೆ.”

“ಖಾತ್ರೀನಾ?”

“ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ.”

“ಪಬ್ಬಲ್ಲೂ ಅದೇ ಅಂದ್ರು. ಈ ದನಿ ಇಡೀ ಕಣಿವೇಲಿ ಇರೋದು ಎರಡೇ ಗಂಟಲಲ್ಲಂತೆ,” ಎಂದು ಅವಳು ತನ್ನ ಗಾಡಿಯ ಬಾಗಿಲು ತೆರೆದಳು.

ಮರ್ವ್ ನಿಧಾನಕ್ಕೆ ಇಳಿದ. ಲಿಂಡ್ಸೆಯನ್ನು ನೋಡಿ ನಕ್ಕ. ಬಾಯಿ ಅಗಲವಾಯಿತು, ಸದ್ದು ಬರಲಿಲ್ಲ. ಕೊರಳಿಗೆ ಸುತ್ತಿದ್ದ ಉಣ್ಣೆಯ ಪಟ್ಟಿ ಸರಿಸಿದ. ಅಲ್ಲಿ, ಮೆಲ್ಬರ್ನಿನ ಡಾಕ್ಟರು ಮೂರು ವಾರದ ಹಿಂದೆ ದನಿಪೆಟ್ಟಿಗೆಯನ್ನೇ ಕಿತ್ತು ತೆಗೆದ ಜಾಗದಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ತೂತು ಉಸಿರಾಡುತ್ತಿತ್ತು. ಆಮೇಲೆ ಅವನು ಕಂಕುಳಿನಿಂದ ಪುಟ್ಟ ಹಲಗೆಯೊಂದನ್ನು ತೆಗೆದು, ಸೀಮೆಸುಣ್ಣ ಕಿರುಗುಟ್ಟಿಸುತ್ತ, ಅವಸರವಿಲ್ಲದೆ ಬರೆದು, ಲಿಂಡ್ಸೆಯ ಕಣ್ಣೆದುರು ಎತ್ತಿ ಹಿಡಿದ: ‘ನೋಡಪ್ಪಾ, ನಾನು ಚಾಡಿಕೋರ ಅಲ್ಲ, ಆದ್ರೆ…’