ಕಿಟಕಿಯಿಂದ ಹಾಕಿದ ಬ್ಯಾಗು

"ಅಜ್ಜಿ, ಕೆಂಗೇರಿ ಬಸ್ ಬಂತು! ನೀನು ನಿಧಾನಕ್ಕೆ ಬಾ, ನಾನು ಸೀಟ್ ಹಿಡೀತೀನಿ!"

ವಿಜಯನಗರ ಬಸ್ ನಿಲ್ದಾಣದಲ್ಲಿ ಇಂಚರಾ ಓಡಿದಳು. ಬಾಗಿಲಲ್ಲಿ ನೂಕುನುಗ್ಗಲು. "ಅಣ್ಣಾ, ಪ್ಲೀಸ್, ಈ ಬ್ಯಾಗ್ ಆ ಸೀಟ್ ಮೇಲೆ ಹಾಕ್ತೀರಾ?" ಎಂದು ಪಕ್ಕದಲ್ಲಿದ್ದ ಎತ್ತರದ ಅಣ್ಣನನ್ನು ಕೇಳಿದಳು. ಅವನು ಕಿಟಕಿಯಿಂದ ಅವಳ ಸ್ಕೂಲ್ ಬ್ಯಾಗನ್ನು ಹೆಂಗಸರ ಸೀಟಿನ ಮೇಲೆ ಹಾಕಿದ. ಬ್ಯಾಗು ಬಿತ್ತೆಂದರೆ ಸೀಟು ನಮ್ಮದು. ಅದೇ ಬಸ್ಸಿನ ಕಾನೂನು ಎಂದು ಇಂಚರಾ ನಂಬಿದ್ದಳು.

ಅಜ್ಜಿ ಲಕ್ಷ್ಮವ್ವನ ಮೊಣಕಾಲಿಗೆ ಹೋದ ತಿಂಗಳು ಆಪರೇಷನ್ ಆಗಿತ್ತು. ದಿನಾ ಸಂಜೆ ಕಾಲಿನ ವ್ಯಾಯಾಮಕ್ಕೆ ಕೆಂಗೇರಿಯಿಂದ ಇಲ್ಲಿನ ಆಸ್ಪತ್ರೆಗೆ ಬರಬೇಕು. ಅಮ್ಮನಿಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಕೊಡುವುದಿಲ್ಲ, ಹಾಗಾಗಿ ಸ್ಕೂಲ್ ಬಿಟ್ಟ ಮೇಲೆ ಅಜ್ಜಿಯ ಜೊತೆಗೆ ಇಂಚರಾ. ಬಸ್ಸಿನಲ್ಲಿ ನಿಲ್ಲಲೇಬಾರದು ಎಂದು ಡಾಕ್ಟರ್ ಹೇಳಿದ್ದರು.

ಅಜ್ಜಿ ಕಾಲೆಳೆದುಕೊಂಡು ಹತ್ತುವಷ್ಟರಲ್ಲಿ ಆ ಸೀಟಿನಲ್ಲಿ ಒಬ್ಬರು ಆಂಟಿ ಕೂತಾಗಿತ್ತು. ಬ್ಯಾಗು ಅವರ ತೊಡೆಯ ಮೇಲಿತ್ತು.

"ನಿಂದಾ ಪುಟ್ಟಿ? ನಾನ್ ಹಿಡ್ಕೋತೀನಿ ಬಿಡು," ಎಂದು ಆಂಟಿ ನಕ್ಕರು. ನಿಂತವರ ಬ್ಯಾಗನ್ನು ಕೂತವರು ಹಿಡಿದುಕೊಳ್ಳುವುದೂ ಬಸ್ಸಿನ ರೂಢಿಯೇ.

"ಆಂಟಿ, ಅದು ಅಜ್ಜಿಗೆ ಅಂತ ಹಿಡಿದಿದ್ದು. ಕಾಲು ಆಪರೇಷನ್ ಆಗಿದೆ, ಪ್ಲೀಸ್..."

ಆಂಟಿಯ ನಗು ಮಾಯವಾಯಿತು. "ಬ್ಯಾಗ್ ಹಾಕಿದ ತಕ್ಷಣ ಸೀಟ್ ನಿಂದಾಗ್ಬಿಡುತ್ತಾ? ನಾನೂ ಬೆಳಿಗ್ಗೆಯಿಂದ ನಿಂತ್ಕೊಂಡೇ ಕೆಲಸ ಮಾಡಿ ಬಂದಿದೀನಿ ಕಣಮ್ಮ."

ಇಂಚರಾ ಮುಂದಿನ ಸೀಟಿನ ಅಕ್ಕನನ್ನು ಕೇಳಿದಳು. ಅಕ್ಕ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಹಿಂದಿನಿಂದ ಒಬ್ಬ ಅಂಕಲ್, "ಹೆಂಗಸರಿಗೆ ಟಿಕೆಟ್ಟೂ ಫ್ರೀ, ಸೀಟೂ ಬೇಕಾ?" ಎಂದರು. ಒಂದಿಬ್ಬರು ನಕ್ಕರು. ಇಂಚರಾಳಿಗೆ ಅವಮಾನದಿಂದ ಕಿವಿ ಬಿಸಿಯಾಯಿತು.

"ಸಾಕ್ ಬಿಡವ್ವ, ಯಾರನ್ನೂ ಕೇಳಬ್ಯಾಡ. ನನಗೇನೂ ಆಗಂಗಿಲ್ಲ," ಎಂದರು ಅಜ್ಜಿ.

ನಾಯಂಡಹಳ್ಳಿಯಲ್ಲಿ ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಅಜ್ಜಿ ಕಂಬಿಗೆ ಜೋತುಬಿದ್ದು "ಯಪ್ಪಾ ಶಿವನೇ!" ಎಂದು ನರಳಿದರು. ಎಲ್ಲರೂ ತಿರುಗಿ ನೋಡಿದರು. ಎದ್ದವರು ಒಬ್ಬರೂ ಇಲ್ಲ.

ಕೆಂಗೇರಿಯಲ್ಲಿ ಆಂಟಿ ಬ್ಯಾಗು ಚಾಚಿದರು. ಇಂಚರಾ ಕಿತ್ತುಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ. ಅಜ್ಜಿಯೇ, "ಭಾಳ ಉಪಕಾರ ಆತ್ ನೋಡವ್ವ," ಎಂದು ಆಂಟಿಗೆ ಕೈ ಮುಗಿದರು.

ಇಳಿದ ಕೂಡಲೇ ಇಂಚರಾ ಸಿಡುಕಿದಳು. "ಅವರೇನು ಉಪಕಾರ ಮಾಡಿದ್ರು ಅಂತ ಕೈ ಮುಗಿದೆ ಅಜ್ಜಿ?"

ಅಜ್ಜಿ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. ಕಾಲು ಊದಿಕೊಂಡಿತ್ತು. "ನಾಳೀನೂ ಇದ ಬಸ್ ಹತ್ತಬೇಕಲ್ಲವ್ವ."

ಯಾರನ್ನೂ ಕೇಳಬೇಡ ಎಂದಿದ್ದ ಅಜ್ಜಿಯೂ ಕೈ ಮುಗಿದು ನಾಳೆಯ ಸೀಟು ಕೇಳಿದ್ದರು ಎಂದು ಇಂಚರಾಳಿಗೆ ಈಗ ಹೊಳೆಯಿತು. ಅವಳಿಗೆ ಅಳು ಒತ್ತಿಕೊಂಡು ಬಂತು. ಅಜ್ಜಿಗೆ ಕಾಣದಂತೆ ಮುಖ ಆಚೆ ತಿರುಗಿಸಿಕೊಂಡಳು.