ಥ್ಯಾಂಕ್‌ಫುಲ್ ಅಜ್ಜಿಯ ಕಲ್ಲು

ಎಮೆಟ್ ಸಮಾಧಿಕಲ್ಲಿಗೆ ಕೆಸರು ಮೆತ್ತುತ್ತಿದ್ದ. ಬಕೆಟ್ಟಿನಲ್ಲಿ ನೀರು ತಂದ ಮಾರ್ನಿ ಅವನ ಬೆನ್ನ ಹಿಂದೆಯೇ ನಿಂತುಬಿಟ್ಟಳು. ಕಲ್ಲು ತೊಳೆಯಲು ಬಂದವನು ಕೆಸರು ಬಳಿಯುವುದೆಂದರೇನು?

"ಏನ್ ಮುಚ್ಚಿಡ್ತಾ ಇದೀಯ?"

ಅವನು ಬೆಚ್ಚಿ ತಿರುಗಿದ. ಸುಳ್ಳು ಹೇಳಲು ಬಾರದವನು. ಕಿವಿಗಳು ಆಗಲೇ ಕೆಂಪಾಗಿದ್ದವು. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಕಲ್ಲು ಬಿರುಕು ಬಿಟ್ಟಿದೆ, ಅದಕ್ಕೇ, ಎಂದು ಏನೋ ಗೊಣಗಿದ.

ವರ್ಮಾಂಟಿನ ಆ ಗುಡ್ಡದೂರಿನಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಸೈನಿಕರ ಗೋರಿಗಳಿಗೆಲ್ಲ ಬಾವುಟ ಸಿಕ್ಕಿಸುತ್ತಾರೆ. ಈ ವರ್ಷ ಮಾರ್ನಿಯ ಮನೆತನದ ಅಸಾಹೆಲ್ ಥ್ರಾಲ್‌ಗೆ ಹೊಸ ಕಲ್ಲು ನಿಲ್ಲಬೇಕಿತ್ತು. ಅಮೆರಿಕ ಇನ್ನೂ ಹುಟ್ಟುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ದೊರೆಯ ವಿರುದ್ಧ ಕೋವಿ ಹೊತ್ತು ಹೋದವನು ಅವನು. ಮರಳಿ ಬರಲಿಲ್ಲ. ಹೆಂಡತಿ ಥ್ಯಾಂಕ್‌ಫುಲ್ ಕೊನೆಯುಸಿರಿನವರೆಗೂ ಕಾದಳಂತೆ. "ನಮ್ಮನೆ ಹೆಣ್ಮಕ್ಕಳು ಕಾಯೋರು ಕಣೇ" ಎಂದು ಹೆಸ್ಟರ್ ಅತ್ತೆ ಮಾರ್ನಿಗೆ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಳು.

ಮಾರ್ನಿಯೂ ಕಾಯುತ್ತಿದ್ದಳು. ಅವಳನ್ನು ಮದುವೆಯಾಗುತ್ತೇನೆಂದ ಗ್ಯಾರೆಟ್ ಅಲಾಸ್ಕಾಕ್ಕೆ ಮೀನು ದೋಣಿಯ ಕೆಲಸಕ್ಕೆ ಹೋಗಿ ಇದು ಮೂರನೆಯ ವಸಂತ. ಕ್ರಿಸ್‌ಮಸ್‌ಗೆ ಒಂದು ಫೋನ್ ಬರುತ್ತಿತ್ತು, ಮುಂದಿನ ಸೀಸನ್ ಮುಗಿಯಲಿ ಎಂಬ ಮಾತಿನ ಜೊತೆಗೆ. ತನ್ನ ಕಾಯುವಿಕೆಗೆ ಒಂದು ಆಸರೆ ಬೇಕಿತ್ತೋ ಏನೋ, ಅವಳು ಅಸಾಹೆಲ್‌ನ ಜಾಡು ಹಿಡಿದು ಹೊರಟಳು. ಹಳೆಯ ಶಿಬಿರಗಳ ಬಯಲು, ಕೋಟೆಗಳ ದಿಬ್ಬ, ಹೆಸರಿಲ್ಲದ ಗೋರಿಗಳ ಸಾಲು, ಎಲ್ಲವನ್ನೂ ಸುತ್ತಿದಳು.

ಗಾಡಿ ಓಡಿಸಿದವನು ಎಮೆಟ್. ತಾನೂ ಯುದ್ಧಕ್ಕೆ ಹೋಗಿ ಬಂದವನು, ಬೇರಾರೂ ಒಪ್ಪದ್ದರಿಂದ ಊರಿನ ಸ್ಮಶಾನ ಸಮಿತಿಗೆ ಅಧ್ಯಕ್ಷನಾದವನು. ದಾರಿಯುದ್ದಕ್ಕೂ ಅವಳು ಸತ್ತವನ ಮಾತಾಡುತ್ತಿದ್ದಳು, ಅವನು ಅವಳನ್ನು ನೋಡುತ್ತಿದ್ದ. ಅವಳು ತಿರುಗಿದರೆ ರಸ್ತೆ ನೋಡುತ್ತಿದ್ದ. ಅಸಾಹೆಲ್ ಬಿದ್ದ ಜಾಗ ಎಲ್ಲೂ ಸಿಗಲಿಲ್ಲ. ಸಿಗದಿದ್ದರೆ ಬೇಡ ಎಂದು ಅತ್ತೆ ಹೊಸ ಕಲ್ಲಿನ ಮೇಲೆ 'ದೇಶಕ್ಕಾಗಿ ಪ್ರಾಣ ಕೊಟ್ಟವನು' ಎಂದು ಕೆತ್ತಿಸಿಯೇಬಿಟ್ಟಳು.

ಥ್ಯಾಂಕ್‌ಫುಲ್‌ಳ ಕಲ್ಲು ಯಾವ ಕಾಲದಲ್ಲೋ ಕುಸಿದು ಹೆಸರಿನವರೆಗೆ ನೆಲದೊಳಗೆ ಹೂತುಹೋಗಿತ್ತು. ಸೋಮವಾರಕ್ಕೆ ನೆಟ್ಟಗಿರಲಿ ಎಂದು ಇವತ್ತು ಇಬ್ಬರೂ ಸೇರಿ ಅಗೆದು ಎತ್ತಿದ್ದರು. ಹೆಸರಿನ ಕೆಳಗಿನ ಸಾಲು ಈಗಷ್ಟೇ ಬೆಳಕು ಕಂಡಿತ್ತು. ಕೆಸರು ಮೆತ್ತಿದ್ದು ಆ ಸಾಲಿನ ಮೇಲೆಯೇ.

ಮಾರ್ನಿ ಬಕೆಟ್ ಎತ್ತಿದಳು. ಎಮೆಟ್ ಅವಳ ಮಣಿಕಟ್ಟು ಹಿಡಿದ.

"ಬೇಡ ಮಾರ್ನಿ. ಓದ್ಬೇಡ."

ಹಿಡಿದ ಕೈಯನ್ನು ಇಬ್ಬರೂ ನೋಡಿದರು. ಇಷ್ಟು ದಿನ ಜೊತೆಗೆ ತಿರುಗಿದರೂ ಅವನು ಅವಳನ್ನು ಮುಟ್ಟಿದ್ದು ಇದೇ ಮೊದಲು. ಅವಳ ನಾಡಿ ಅವನ ಬೆರಳಡಿ ಓಡುತ್ತಿತ್ತು. ಕೊನೆಗೆ ಅವನೇ ಬಿಟ್ಟ. ಅವಳು ನೀರು ಸುರಿದಳು.

ಅಸಾಹೆಲ್ ಥ್ರಾಲ್‌ನ 'ಕಾನ್ಸಾರ್ಟ್' ಎಂದಿತ್ತು.

ಹೊರಗಿನವರು ಅದನ್ನು ಹೆಂಡತಿ ಎಂದಷ್ಟೇ ಓದಿಕೊಂಡಾರು. ಈ ಕಲ್ಲುಗಳನ್ನು ಉಜ್ಜುತ್ತ ಬೆಳೆದವಳಿಗೆ ಹಾಗಾಗದು. ಗಂಡ ಸತ್ತ ಮೇಲೂ ಉಳಿದವಳಿಗೆ ಆ ಕಾಲದಲ್ಲಿ 'ರೆಲಿಕ್ಟ್' ಎಂದು ಕೆತ್ತುತ್ತಿದ್ದರು. ಗಂಡನಿರುವಾಗಲೇ ಹೋದವಳು ಕಾನ್ಸಾರ್ಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಥ್ಯಾಂಕ್‌ಫುಲ್ ಮುತ್ತೈದೆಯಾಗಿ ಸತ್ತಿದ್ದಳು.

ಅಸಾಹೆಲ್ ಬದುಕಿದ್ದ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಹೆಂಡತಿ ಮಣ್ಣಾಗುವಾಗಲೂ ಎಲ್ಲೋ ಚೆನ್ನಾಗಿಯೇ ಇದ್ದ. ಊರಿಗೆ ಅದು ಕಲ್ಲಿನಲ್ಲಿ ಕೆತ್ತುವಷ್ಟು ಗೊತ್ತಿತ್ತು. ಆ ಕಾಲದಲ್ಲಿ ಎಷ್ಟೋ ಸೈನಿಕರು ಜಮೀನು ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು ಎಂದು ಎಮೆಟ್ ಮೆಲ್ಲಗೆ ಹೇಳಿದ.

ಮಾರ್ನಿ ಹುಲ್ಲಿನ ಮೇಲೆ ಕೂತುಬಿಟ್ಟಳು. ಎದೆಯೊಳಗೆ ಏನೋ ಉರಿಯುತ್ತಿತ್ತು, ಅದು ಥ್ಯಾಂಕ್‌ಫುಲ್‌ಗಾಗಿ ಮಾತ್ರ ಅಲ್ಲ.

"ಸತ್ತೋನಿಗೆ ಕಾದ್ರೆ ಅದಕ್ಕೊಂದು ಮರ್ಯಾದೆ ಇರುತ್ತೆ. ಅವನು ಬದುಕಿದ್ದ, ಬರ್ಲಿಲ್ಲ, ಅಷ್ಟೇ" ಎಂದಳು. ಆಮೇಲೆ ತಲೆಯೆತ್ತಿ, "ನೀನ್ಯಾಕೆ ಮುಚ್ಚಿದೆ? ನಮ್ಮತ್ತೆ ಮರ್ಯಾದೆಗಾ?"

"ನನಗೋಸ್ಕರ. ಇದನ್ನ ಓದಿ ಗ್ಯಾರೆಟ್ ಮೇಲಿನ ಸಿಟ್ಟಿಗೆ ನೀನು ನನ್ನ ಕಡೆ ತಿರುಗಿದ್ರೆ? ಸಿಟ್ಟಲ್ಲಿ ಬಂದೋಳು ಸಿಟ್ಟಿಳಿದ್ಮೇಲೆ ಹೊರಟೋಗ್ತಾಳೆ. ಹಾಗೆ ಸಿಕ್ಕಿದ್ಮೇಲೆ ನೀನು ಹೊರಟೋದ್ರೆ ನಾನು ತಡ್ಕೊಳಲ್ಲ."

"ಗ್ಯಾರೆಟ್ ಕಾಯ್ಸಿದ, ನೀನು ಮುಚ್ಚಿಟ್ಟೆ. ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಇಬ್ರಿಗೂ ಅನ್ನಿಸ್ಲೇ ಇಲ್ಲ."

ಅಷ್ಟರಲ್ಲಿ ಹೆಸ್ಟರ್ ಅತ್ತೆ ಡೋನಟ್ ಡಬ್ಬಿ ಹಿಡಿದು ಬಂದಳು. ಬಗ್ಗಿ ಕಲ್ಲು ಓದಿದಳು, ಇನ್ನೊಮ್ಮೆ ಓದಿದಳು. ಸೋಮವಾರ ಊರೆಲ್ಲ ಬರುತ್ತದೆ, ಆ ಕೆಸರು ಅಲ್ಲಿಗೇ ಮೆತ್ತಿಬಿಡಿ ಎಂದಳು.

"ಓದ್ಲಿ ಬಿಡತ್ತೆ. ಇವಳು ಕಾದಿದ್ದೂ ಗೊತ್ತಾಗ್ಲಿ, ಅವನು ಬಾರದ್ದೂ ಗೊತ್ತಾಗ್ಲಿ" ಎಂದು ಮಾರ್ನಿ ಎದ್ದು ನಿಂತಳು. ಗ್ಯಾರೆಟ್‌ಗೆ ಇವತ್ತೇ ಫೋನ್ ಮಾಡಿ ಮುಗಿಸುತ್ತೇನೆ, ಈ ಕಲ್ಲು ಓದುವ ಮೊದಲೇ ಇದು ಆಗಬೇಕಿತ್ತು ಎಂದಳು.

ಸೋಮವಾರ ಕಳೆಯಲಿ, ನಿನ್ನ ಮನಸ್ಸು ತಿಳಿಯಾಗಲಿ, ಆಮೇಲೆ ನಿಧಾನವಾಗಿ ಮಾತಾಡೋಣ ಎಂದ ಎಮೆಟ್.

"ಆಮೇಲೆ ಅನ್ನೋ ಮಾತು ಸಾಕಾಗಿದೆ ನಂಗೆ. ಮನಸ್ಸು ಯಾವತ್ತೋ ತಿಳಿಯಾಗಿದೆ, ನೀನು ರಸ್ತೆ ನೋಡ್ತಾ ಇದ್ದೆ, ನಿಂಗೆ ಕಾಣ್ಲಿಲ್ಲ. ಕೇಳೋದಿದ್ರೆ ಈಗ್ಲೇ ಕೇಳು."

ಎಮೆಟ್ ಒಮ್ಮೆ ಉಸಿರೆಳೆದುಕೊಂಡು, ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟ.

ಮಾರ್ನಿ ಅವನನ್ನು ಒಂದು ಕ್ಷಣವೂ ಕಾಯಿಸಲಿಲ್ಲ.