ಸೊನ್ನೆ, ಒಂದು, ಏಳು

ನಾನು ಲಸಿಕೆ ಉಗ್ರಾಣದಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಶೀತಲಯಂತ್ರವನ್ನು ಕಾಯುವ ಹಳೆಯ ಪ್ರೋಗ್ರಾಂ ಬರೆದವರು ನನ್ನ ಮೇಲಧಿಕಾರಿ. ನಮಗೆಲ್ಲ ಅವರು ಅಕ್ಕ. ಅವರು ತೀರಿಕೊಂಡ ಮೇಲೆ ನಾನು ಬೇರೊಂದು ಕಂಪ್ಯೂಟರ್ ಭಾಷೆಯಲ್ಲಿ ಇನ್ನೊಂದನ್ನು ಬರೆದು ಪಕ್ಕದ ಕಂಪ್ಯೂಟರಿನಲ್ಲಿ ಹಾಕಿದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಅಕ್ಕನದು ಗಂಟೆಗೊಮ್ಮೆ ಬರೀ ಒಂದು ಅಂಕಿ ಕಳಿಸುತ್ತದೆ, ನನ್ನದು ಅದನ್ನು ಗಟ್ಟಿಯಾಗಿ ಓದುತ್ತದೆ. ಸೊನ್ನೆ ಎಂದರೆ ಕ್ಷೇಮ, ಒಂದು ಎಂದರೆ ತೊಂದರೆ. ಬೇರೆ ಅಂಕಿಯೇ ಇಲ್ಲ.

ಆ ಮಧ್ಯಾಹ್ನ ಊಟವಾದ ಮೇಲೆ ಮೇಜಿಗೆ ತಲೆಯಿಟ್ಟವನಿಗೆ ಕಣ್ಣು ಹತ್ತಿತ್ತು.

"ಏಳು" ಎಂದಿತು ಕಂಪ್ಯೂಟರು. ಕನಸೆಂದುಕೊಂಡೆ. ಗಂಟೆಗೊಮ್ಮೆ ಮಾತ್ರ ಬಾಯಿ ಬಿಡುವಂಥದ್ದು, ಮತ್ತೆ ಮೆಲ್ಲಗೆ ಅಂದಿತು, "ಏಳು. ಏಳು."

ಅಕ್ಕ ನನ್ನನ್ನು ಎಬ್ಬಿಸುತ್ತಿದ್ದುದೂ ಹಾಗೆಯೇ, ಗದರದೆ. ತಲೆಯೆತ್ತಿದೆ. ಎದ್ದರೆ ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು ಹೊರಗೆ ಬಂದು ಬಿದ್ದೆ.

ಕೋಣೆಯಲ್ಲಿ ಶೀತಲಯಂತ್ರದ ಗ್ಯಾಸ್ ಸೋರಿತ್ತು. "ಇದು ವಾಸನೇನೇ ಬರಲ್ಲ ಸಾರ್. ಇನ್ನು ಹತ್ತು ನಿಮಿಷ ಮಲಗಿದ್ರೆ ನಿಮ್ಮ ಕಥೆ ಮುಗೀತಿತ್ತು" ಎಂದ ಮೆಕ್ಯಾನಿಕ್.

ಮರುದಿನ ಎರಡೂ ಪ್ರೋಗ್ರಾಂಗಳ ದಾಖಲೆ ತೆಗೆದು ನೋಡಿದೆ. ಅಕ್ಕನದು ಆ ಹೊತ್ತಿಗೆ ಕಳಿಸಿದ್ದು ಒಂದೇ ಒಂದು ಸೊನ್ನೆ. ನನ್ನದಕ್ಕೆ ತಲುಪಿದ್ದು ಮೂರು ಏಳು. ಎರಡರ ನಡುವೆ ಇರುವುದು ಗೇಣುದ್ದದ ತಂತಿ ಅಷ್ಟೇ.